ಬದಲಾಪುರದಲ್ಲಿ ಬಾಯಿ ಹುಡುಕಿದ್ದು

ಐರೋಲಿಯಿಂದ ಹೊರಟಾಗ ಜುಲೈ ಮಳೆ ತುಸು ಬಿಡುವು ಕೊಟ್ಟಿತ್ತು. ಹತ್ತು ರೂಪಾಯಿ ಟಿಕೆಟ್‌ನಲ್ಲಿ ಠಾಣೆ ತಲುಪಿ, ಅಲ್ಲಿಂದ ಬದಲಾಪುರದ ಲೋಕಲ್ ಹತ್ತಿದೆ. ಯಾವ ವಯಸ್ಸಿಗೆ ಮಗು ಏನು ಮಾಡಬೇಕು, ಮಾಡದಿದ್ದರೆ ಯಾರಿಗೆ ತೋರಿಸಬೇಕು ಎಂದು ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸುವುದು ನಮ್ಮ ಸಂಸ್ಥೆಯ ಕೆಲಸ. ಇದೇ ಕೆಲಸಕ್ಕೆ ನೇಪಾಳಕ್ಕೆ ಒಬ್ಬರನ್ನು ಕಳಿಸುವುದಿತ್ತು. ನಾನೋ ಜೊತೆಯ ವಿನಯಾಳೋ ಎಂಬುದನ್ನು ಸಂಸ್ಥೆ ನಡೆಸುವ ಡಾಕ್ಟರ್ ಮೇಡಂ ಅಂದಿನ ತರಬೇತಿ ನೋಡಿ ತೀರ್ಮಾನಿಸುವವರಿದ್ದರು. ಮೈಸೂರು ಬಿಟ್ಟು ಬಂದು ಹತ್ತು ವರ್ಷ ಇದರಲ್ಲೇ ಸವೆದವಳು ನಾನು. ಅವಳು ಸೇರಿ ಎರಡು ವರ್ಷವೂ ಆಗಿರಲಿಲ್ಲ.

ಡೊಂಬಿವಲಿಯಲ್ಲಿ ವಿನಯಾ ಹತ್ತಿದಳು. ಉಡುಪಿ ಕಡೆಯ ಹೋಟೆಲಿನವರ ಮಗಳು, ಹುಟ್ಟಿದ್ದು ಇಲ್ಲೇ. ಠಾಣೆಯಿಂದ ನಾನು ಒಂಟಿಕಾಲಲ್ಲಿ ನಿಂತಿದ್ದೆ. ಅವಳು ಮರಾಠಿಯಲ್ಲಿ ಏನೋ ಅಂದದ್ದೇ ತಡ, ಕಿಟಕಿ ಪಕ್ಕದ ಹೆಂಗಸು ನಕ್ಕು ಸರಿದು ಜಾಗ ಕೊಟ್ಟಳು.

"ಅಕ್ಕ, ನೀವು ಕೂತ್ಕೊಳ್ಳಿ ಮಾರಾಯ್ರೆ," ಎಂದಳು ವಿನಯಾ. ಅದಕ್ಕೇ ಇನ್ನಷ್ಟು ಮೈ ಉರಿಯಿತು. ಬೇಡ ಎಂದು ಬದಲಾಪುರದವರೆಗೂ ನಿಂತೇ ಹೋದೆ.

ತರಬೇತಿ ಇದ್ದ ಬಾಲವಾಡಿಯಲ್ಲಿ ಮೊದಲು ಕಾಂದಾಪೋಹೆ ಎಂಬ ಈರುಳ್ಳಿ ಅವಲಕ್ಕಿ, ಚಹಾ ಆಯಿತು. ಪೋಹೆ ಬಹಳ ಚೆನ್ನಾಗಿತ್ತು. ಇನ್ನಷ್ಟು ಹಾಕಲೇ ಎಂದು ಕೇಳಿದ್ದು ಮಾತ್ರ ವಿನಯಾಳನ್ನು.

ಪ್ರಾತ್ಯಕ್ಷಿಕೆಗೆ ಸಿಕ್ಕಿದ್ದು ಎರಡು ವರ್ಷದ ಹುಡುಗಿ, ತಾಯಿ ಹುಬ್ಬಳ್ಳಿಯವಳು. ಕನ್ನಡದ ಮಗು! ದೇವರು ಕಣ್ಣುಬಿಟ್ಟ ಎಂದು ನಾನೇ ಮುಂದೆ ಬಂದೆ. ಮಗು ಮರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟಿತು. ಕಣ್ಣು ತೋರಿಸಿತು, ಮೂಗು ತೋರಿಸಿತು.

"ಬಾಯಿ ಎಲ್ಲಿ, ಪುಟ್ಟಿ?" ಎಂದೆ. ತಿರುಗಿ ವಿನಯಾಳತ್ತ ಬೆರಳು ಮಾಡಿತು. ಮತ್ತೆ ಕೇಳಿದೆ. ಮತ್ತೆ ವಿನಯಾ. ಅಯ್ಯೋ, ಈ ಮಗುವಿಗೂ ಅವಳೇ ಬೇಕೇ! ಸಿಟ್ಟು ನೆತ್ತಿಗೇರಿತು. ಇದು ಬರುವುದಿಲ್ಲ ಎಂದು ಗುರುತು ಹಾಕಿಕೊಳ್ಳಿ ಎಂದು ಕಾರ್ಯಕರ್ತೆಯರಿಗೆ ಹಿಂದಿಯಲ್ಲಿ ಹೇಳಿಬಿಟ್ಟೆ.

ತಾಯಿಯ ಮುಖ ಕಪ್ಪಿಟ್ಟಿತು. "ಹಂಗಂದ್ರ ಏನ್ರೀ? ನಮ್ಮ ಹುಡುಗಿಗೆ ಏನರ ಕಮ್ಮಿ ಐತೇನ್ರೀ?"

"ಎಂತದೂ ಇಲ್ಲ," ಎಂದು ವಿನಯಾ ಎದ್ದು ಬಂದಳು. "ಅಕ್ಕ, ಇಲ್ಲಿ ಮಕ್ಕಳು ಟೀಚರಿಗೆ ಬಾಯಿ ಅಂತಲೇ ಕರೆಯುದಲ್ವಾ? ನಾನು ಮೊನ್ನೆ ಇಲ್ಲೇ ಪಾಠ ಮಾಡಿದ್ದೆ. ಅವಳು ಸರಿಯಾಗೇ ತೋರಿಸಿದ್ದು." ಆಮೇಲೆ ಮಗುವಿನೆದುರು ಕುಕ್ಕುರುಗಾಲಲ್ಲಿ ಕೂತು, "ತೋಂಡ್ ಕುಠೇ?" ಎಂದು ಮರಾಠಿಯಲ್ಲಿ ಕೇಳಿದಳು.

ಮಗು ಆ ಎಂದು ಬಾಯಿ ತೆರೆದು ಬೆರಳಿಟ್ಟಿತು. ಎಲ್ಲರೂ ಗೊಳ್ಳೆಂದರು. ತಾಯಿ ಕಣ್ಣೊರೆಸಿಕೊಂಡು ನಕ್ಕಳು, ಡಾಕ್ಟರ್ ಮೇಡಂ ಚಪ್ಪಾಳೆ ತಟ್ಟಿದರು. ನಾನೂ ಹಲ್ಲು ಕಿರಿದೆ.

ಸಂಜೆ ಸ್ಟೇಷನ್ನಿನಲ್ಲೇ ಮೇಡಂ ತೀರ್ಮಾನ ಹೇಳಿದರು: ವಿನಯಾ. ಮಳೆ ಮತ್ತೆ ಹಿಡಿದಿತ್ತು. ಬೋಗಿಯಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಇವಳಿಗೆ ನೇಪಾಳಿ ಎಲ್ಲಿ ಬರುತ್ತದೆ ಎಂದುಕೊಂಡೆ. ಕುಣಿಯಲಾರದವಳಿಗೆ ನೆಲ ಡೊಂಕು, ನನಗೆ ಭಾಷೆ ಡೊಂಕು.

ಕಲ್ಯಾಣ ದಾಟಿದ ಮೇಲೆ ವಿನಯಾ ಮೆಲ್ಲಗೆ ಬಾಯಿಬಿಟ್ಟಳು. "ಅಕ್ಕ, ಇವತ್ತಿನ ಕತೆ ಅಲ್ಲಿ ಮೊದಲ ದಿನವೇ ಹೇಳ್ತೇನೆ. ಎಲ್ಲರಿಗೂ ಪಕ್ಕಾ ಅರ್ಥ ಆಗ್ತದೆ. ನಿಮ್ಮ ಹೆಸರು ಹೇಳುದಿಲ್ಲ, ಆಯ್ತಾ?"

"ಹೆಸರೂ ಹೇಳು ಕಣೇ," ಎಂದೆ. "ನೇಪಾಳಕ್ಕೆ ನಾನಂತೂ ಹೋಗಲ್ಲ. ಹೆಸರಾದ್ರೂ ಹೋಗ್ಲಿ."