ಹರಿದ ಎಳೆಯ ತುದಿ

ನನ್ನ ತಮ್ಮನಿಗೆ ಮರೆವಿನ ಕಾಯಿಲೆ. ಹೆಂಡತಿ ಸತ್ತದ್ದೂ ಅವನಿಗೆ ನೆನಪಿಲ್ಲ. ಊರಿನಲ್ಲಿ ನೋಡಿಕೊಳ್ಳುವವರಿಲ್ಲದೆ ದೂರದ ಬಂಗಾಳಕ್ಕೆ, ಬೆಹಾಲಾದ ನಮ್ಮ ಫ್ಲ್ಯಾಟಿಗೆ ಕರೆತಂದಾಗ ಅವನ ಬಾಯಲ್ಲಿ ಉಳಿದಿದ್ದ ಸಂಬಂಧ ಒಂದೇ, "ಅಕ್ಕಾ". ಅದೂ ಹೋದೀತು ಎಂದಿದ್ದರು ಡಾಕ್ಟರು. ಹಳೆಯದೇನಾದರೂ ಕಣ್ಣಿಗೆ ಬಿದ್ದರೆ ಒಳ್ಳೆಯದಾದೀತೆಂದು ನಮ್ಮ ಯಜಮಾನರು ಒಂದು ಭಾನುವಾರ ಕಾರು ಮಾಡಿದರು. ಹೆದ್ದಾರಿಯಲ್ಲಿ ಬಹಳ ದೂರ ಹೋದರೆ ಒಂದು ಪಾರ್ಕು. ಅಲ್ಲಿ ಹಿಂದಿನ ಕಾಲದ ಹಳ್ಳಿಯನ್ನೇ ಕಟ್ಟಿದ್ದಾರೆ. ಹಳೆಯ ಉಡುಪು ತೊಟ್ಟವರು ಗಾಣ ತಿರುಗಿಸುತ್ತಾರೆ, ಗಡಿಗೆ ಮಾಡುತ್ತಾರೆ, ನೇಯುತ್ತಾರೆ.

ನನ್ನ ತವರು ನೇಕಾರರ ಮನೆ. ಅಪ್ಪ, ಆಮೇಲೆ ತಮ್ಮ ನೇಯುವಾಗ ಎಳೆ ಹರಿದರೆ ಮಗ್ಗದ ಆಚೆ ಬದಿಯಿಂದ ಅದರ ತುದಿ ಹಿಡಿದುಕೊಡುವುದು ನನ್ನ ಕೆಲಸವಾಗಿತ್ತು; ಅದಕ್ಕೆಂದೇ ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದ್ದರು. ಹರಿದ ಎಳೆಯನ್ನು ಹಾಗೇ ಬಿಟ್ಟು ನಮ್ಮಲ್ಲಿ ಯಾರೂ ಮಗ್ಗದಿಂದ ಏಳುವುದಿಲ್ಲ.

ಪಾರ್ಕಿನ ನೇಕಾರ ಚಹಾಕ್ಕೆ ಎದ್ದುಹೋಗಿದ್ದ. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಒಂದೆಳೆ ಹರಿದು ಜೋತಾಡುತ್ತಿತ್ತು. ತಮ್ಮ ಅಡ್ಡಕಟ್ಟಿದ್ದ ಹಗ್ಗ ದಾಟಿ, ನೇಕಾರ ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಗಿಳಿದು ಕೂತೇಬಿಟ್ಟ. ಅವನ ಬೆರಳಿಗೆ ಜೀವ ಬಂದಿತ್ತು.

"ಅಕ್ಕಾ, ಎಳಿ ಹರದೈತಿ. ತುದಿ ಕೊಡು ಬಾ."

ಜನ ಸೇರಿದರು. ಮೊಬೈಲು ಎತ್ತಿದರು. "ಏನು ದಾದಾ, ಟಿಕೆಟ್ ಕೊಂಡು ಕೆಲಸಕ್ಕೆ ಸೇರಿದಿರಾ?" ಎಂದು ಬಂಗಾಳಿಯಲ್ಲಿ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಕಾವಲುಗಾರ ಬಂದು, ಇವನು ಯಾರ ಕಡೆಯವನು ಎಂದು ಹಿಂದಿಯಲ್ಲಿ ಗದರಿದ.

ಯಜಮಾನರು ನೀರು ತರಲು ಹೋಗಿದ್ದರು. ನಾನು ಎರಡು ಮಾರು ದೂರದಲ್ಲಿದ್ದೆ. ನಾಚಿಕೆಯಾಯಿತು. ಗೋಡೆಗೆ ತೂಗುಹಾಕಿದ್ದ ಸೀರೆ ನೋಡುವವಳ ಹಾಗೆ ತಿರುಗಿ ನಿಂತೆ.

"ಅಕ್ಕಾ, ಎಲ್ಲಿ ಹೋದೀ? ಅಕ್ಕಾ!"

ಕಾವಲಿನವರು ಅವನ ರಟ್ಟೆ ಹಿಡಿದು ಎಬ್ಬಿಸಿದರು. "ಹರದೈತಿ, ಹರದೈತಿ" ಎಂದು ಅಳುವುದು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ತಿರುಗಿದರೆ ಅವನಿಲ್ಲ.

ಗಾಣದ ಹತ್ತಿರ ಓಡಿದೆ, ಕುಂಬಾರನ ಚಪ್ಪರಕ್ಕೆ ಓಡಿದೆ, ಕೆರೆಯೊಳಗೆ ಇಣುಕಿದೆ. ತಮ್ಮಾ, ತಮ್ಮಾ ಎಂದು ಕೂಗಿದೆ. ಹಿಂದಿ ಬಾಯಿಗೇ ಬರಲಿಲ್ಲ, ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಗೇಟಿನ ಹೊರಗಿನ ಕಟ್ಟೆಯ ಮೇಲೆ ಸಿಕ್ಕ. ಹೋಗಿ ಕೈ ಹಿಡಿದುಕೊಂಡೆ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದುನಿಂತು ನಮಸ್ಕಾರ ಮಾಡಿದ.

"ಬಸ್ಸ ಎಷ್ಟೊತ್ತಿಗೈತ್ರೀ, ಬಾಯಾರ?"

ಗುರುತಿಲ್ಲದ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ.

"ಕಾಯಿಲಿ ಹಂಗ ಐತಿ, ನೀ ಏನ ಮಾಡ್ತಿ?" ಅಂತಾರೆ ಯಜಮಾನರು. ನಾನು ತಿರುಗಿ ನಿಂತದ್ದನ್ನು ಅವರಿಗೆ ಹೇಳಿಲ್ಲ. ಮಧ್ಯಾಹ್ನ ಅವರಿಲ್ಲದಾಗ ಹಳೆಯ ಸೀರೆಯಿಂದ ಒಂದೆಳೆ ಕಿತ್ತು, ಹರಿದು, ತಮ್ಮನ ಮುಂದೆ ಹಿಡಿಯುತ್ತೇನೆ. "ಎಳಿ ಹರದೈತಿ ನೋಡಪಾ." ಅವನು ಫ್ಯಾನು ನೋಡುತ್ತಾನೆ. ಕೈ ಸೋಲುವ ತನಕ ಹಿಡಿದೇ ಇರುತ್ತೇನೆ.