ಒಂದು ಮೀಟರಿಗೆ ಮಾತ್ರ ಸರಿಯಾದ ಲೆಕ್ಕ

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ನೀರಾವರಿ ಕಚೇರಿಯಲ್ಲಿ ಅಳತೆಗಾರರು. ನದಿಯ ಅಡ್ಡಗಟ್ಟೆಯ ಮೇಲೆ ನೀರು ಎಷ್ಟು ಎತ್ತರ ಹರಿಯುತ್ತಿದೆಯೆಂದು ಬೆಳಿಗ್ಗೆ ನೋಡಿ, ಒಟ್ಟು ಎಷ್ಟು ನೀರು ಹೋಗುತ್ತಿದೆಯೆಂದು ಲೆಕ್ಕ ಹಾಕಿ ಬರೆಯುವುದು ಅವರ ಕೆಲಸ. ಅದಕ್ಕೆ ಎತ್ತರವನ್ನು ಒಂದೂವರೆ ಘಾತಕ್ಕೆ ಏರಿಸಬೇಕು. ಅಂದರೆ ಎತ್ತರವನ್ನು ಅದರದೇ ವರ್ಗಮೂಲದಿಂದ ಗುಣಿಸಬೇಕು.

ಹನ್ನೊಂದು ವರ್ಷದ ಹಿಂದೆ ಈ ಲೆಕ್ಕದ ಸಿದ್ಧ ಕೋಷ್ಟಕವಿದ್ದ ಪುಸ್ತಕವನ್ನು ಗೆದ್ದಲು ತಿಂದಾಗ ತಾವೇ ಒಂದು ಪ್ರೋಗ್ರಾಂ ಬರೆದರು. ಘಾತದ ಲೆಕ್ಕ ಮಾಡಿಕೊಡುವ ಸಿದ್ಧ ಪ್ರೋಗ್ರಾಂ, ಅಂದರೆ ಗಣಿತದ ಲೈಬ್ರರಿಯನ್ನು ಕರೆದು, ಘಾತದ ಜಾಗದಲ್ಲಿ 3/2 ಎಂದು ಹಾಕಿದರು. ಅಂದು ನೀರು ಸರಿಯಾಗಿ ಒಂದು ಮೀಟರ್ ಇತ್ತು. ಕೈಲೆಕ್ಕಕ್ಕೂ ಕಂಪ್ಯೂಟರಿಗೂ ಕೂದಲೆಳೆಯ ವ್ಯತ್ಯಾಸ ಬರಲಿಲ್ಲ. ಆಮೇಲೆ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾವನ ಮನೆಯಲ್ಲಿ ಸಿಕ್ಕಾಗಲೆಲ್ಲ ಪ್ರೋಗ್ರಾಮಿನ ಆ ಆರು ಸಾಲನ್ನು ನನಗೆ ವಿವರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ, ತಲೆಗೆ ಬೇರೆ ಕೆಲಸವಿರಲಿಲ್ಲ.

ಕಳೆದ ವರ್ಷ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಯುವ ಮಗಳಿಗೆ ಅದನ್ನು ತೋರಿಸಿ, ಹೊಗಳಿಕೆಗೆ ಕಾದು ಕುಳಿತರು.

"ಅಪ್ಪಾ, ಮೂರೂ ಎರಡೂ ಪೂರ್ಣಸಂಖ್ಯೆ. ಭಾಗಿಸಿದ್ರೆ ಕಂಪ್ಯೂಟರ್ ಅರ್ಧನ ಬಿಸಾಕಿ ಒಂದು ಅಂತಷ್ಟೇ ಹಿಡಿಯತ್ತೆ. ಲೈಬ್ರರಿ ಕೈಗೆ ಒಂದೂವರೆ ಹೋಗೇ ಇಲ್ಲ. 1.5 ಅಂತ ಬರೆದಿದ್ರೆ ಸಾಕಿತ್ತು."

ಒಂದನ್ನು ಯಾವ ಘಾತಕ್ಕೆ ಏರಿಸಿದರೂ ಒಂದೇ. ಪರೀಕ್ಷೆಯ ದಿನದ ನೀರು ಅವರಿಗೆ ಟೋಪಿ ಹಾಕಿತ್ತು. ಬೇಸಿಗೆಯಲ್ಲಿ ಕಾಲು ಮೀಟರಿಗೆ ಇಳಿದ ನದಿ, ಅದರ ವರ್ಗಮೂಲವಾದ ಅರ್ಧದಿಂದ ಗುಣಿಸದೆ ಬಿಟ್ಟದ್ದಕ್ಕೆ, ಕಾಗದದ ಮೇಲೆ ಎರಡರಷ್ಟು ಹರಿದಿತ್ತು.

ಎರಡು ದಿನ ಕೂತು ಒಂದು ತಿಂಗಳಿನದನ್ನು ಕೈಯಲ್ಲೇ ತಿದ್ದಿ ನೋಡಿದರು. ಮೂರನೆಯ ದಿನ ಅಷ್ಟೂ ವರ್ಷದ ದಾಖಲೆ ಪುಸ್ತಕ ಹೊತ್ತು ಕಚೇರಿಯ ಎಂಜಿನಿಯರರ ಮುಂದೆ ನಿಂತು, ನಿವೃತ್ತಿಯೊಳಗೆ ಎಲ್ಲವನ್ನೂ ತಿದ್ದಿಕೊಡುತ್ತೇನೆ, ಅಷ್ಟು ಅವಕಾಶ ಕೊಡಿ ಎಂದು ಬೇಡಿಕೊಂಡರು. ಎಂಜಿನಿಯರ್ ಒಂದು ಪುಸ್ತಕವನ್ನೂ ತೆರೆಯಲಿಲ್ಲ.

"ಇಷ್ಟು ವರ್ಷ ಇದನ್ನ ಯಾರೂ ಕೇಳಿಲ್ಲ ಕಣ್ರೀ. ಈಗ ತಿದ್ದಿದ್ರೆ, ಯಾಕೆ ತಿದ್ದಿದ್ರಿ ಅಂತ ಕೇಳ್ತಾರೆ. ಹಳೇದಕ್ಕೆ ಹೊಂದೋ ಹಾಗೆ ಹೀಗೇ ಬರೀತಾ ಹೋಗಿ."

ಬೈಸಿಕೊಳ್ಳಲು ಸಿದ್ಧರಾಗಿ ಹೋದವರಿಗೆ ಬೈಗುಳವೂ ದಕ್ಕಲಿಲ್ಲ.

ಈಗಲೂ ದಿನಾ ಬೆಳಿಗ್ಗೆ ತಪ್ಪು ಸಂಖ್ಯೆಯನ್ನು ಅದೇ ದುಂಡಗಿನ ಅಕ್ಷರದಲ್ಲಿ ಬರೆಯುತ್ತಾರೆ. ಪ್ರೋಗ್ರಾಮಿನ ಸುದ್ದಿ ಎತ್ತುವುದಿಲ್ಲ. ಮೊನ್ನೆ ಸುಮ್ಮನಿರಲಾರದೆ ನಾನೇ ಕೆದಕಿದೆ.

"ನೀರು ಒಂದು ಮೀಟರ್ ನಿಂತ ದಿನ ನಾನು ಬರೆಯೋದು ನಿಜ ಕಣಯ್ಯ. ಪೂರ್ತಿ ಒಣಗಿದ ದಿನವೂ ನಿಜ. ಸೊನ್ನೆ ಯಾವತ್ತಿದ್ರೂ ಸೊನ್ನೇನೇ."

ಈ ವರ್ಷ ನೀರು ಒಂದು ಮೀಟರ್ ಮುಟ್ಟಲೇ ಇಲ್ಲವಂತೆ. ನಿವೃತ್ತಿಗಿನ್ನು ನಾಲ್ಕು ತಿಂಗಳು. ನದಿ ಒಣಗುವ ಲಕ್ಷಣ ಮಾತ್ರ ಚೆನ್ನಾಗಿಯೇ ಇದೆ.