ಐದು ಏಡಿ, ಒಂದು ತೊಟ್ಟಿ ಕಡಲು

ಮದುವೆಯಾಗಿ ವಿಶಾಖಪಟ್ಟಣಕ್ಕೆ ಬರುವವರೆಗೆ ನಾನು ಕಂಡಿದ್ದ ಅತಿ ದೊಡ್ಡ ನೀರೆಂದರೆ ಚಿತ್ರದುರ್ಗದ ಕಡೆಯ ಒಂದು ಕೆರೆ, ಅದೂ ಮುಕ್ಕಾಲು ಪಾಲು ಒಣಗಿದ್ದಾಗ. ಅಂಥವಳು ಈಗ ಪ್ರೈಮರಿ ಮಕ್ಕಳಿಗೆ ಕಡಲ ಜೀವಿಗಳ ಪಾಠ ಮಾಡುತ್ತೇನೆ. ಈಜು ಬಾರದು. ಅಲೆ ಮೊಣಕಾಲು ಮುಟ್ಟಿದರೆ ಮನೆದೇವರಿಂದ ಹಿಡಿದು ಗೊತ್ತಿರುವ ದೇವರುಗಳೆಲ್ಲ ಒಟ್ಟಿಗೆ ಬಾಯಿಗೆ ಬರುತ್ತಾರೆ.

ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಮನೆ ಮಾಡಿದ್ದ ವರ್ಷಗಳಲ್ಲಿ ಅಲ್ಲಿನ ಶಾಲೆಯ ಮಕ್ಕಳನ್ನು ಕಡಲು ಇಳಿದ ಹೊತ್ತು ನೋಡಿ ಬೀಚಿನ ಬಂಡೆಗಳಿಗೆ ಕರೆದೊಯ್ಯುತ್ತಿದ್ದೆ. ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ಉಳಿದಿರುತ್ತದೆ, ನೀರಿನಲ್ಲಿ ಜೀವಿಗಳು. ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಬೇಕು, ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಬೇಕು, ಇಷ್ಟೇ ನಿಯಮ. ಮಕ್ಕಳು ಏಡಿಗಳನ್ನು ಎಣಿಸುತ್ತಿದ್ದರು. ನಾನು ಐದು ನಿಮಿಷಕ್ಕೊಮ್ಮೆ ಮಕ್ಕಳನ್ನು ಎಣಿಸುತ್ತಿದ್ದೆ.

ನನ್ನ ಗಂಡನದು ಬ್ಯಾಂಕಿನ ಕೆಲಸ. ವಿಜಯವಾಡಕ್ಕೆ ವರ್ಗವಾಯಿತು. ಗನ್ನವರಂ ದಾರಿಯ ಒಂದು ಶಾಲೆಯಲ್ಲಿ ನನಗೂ ಕೆಲಸ ಸಿಕ್ಕಿತು, ನಾಲ್ಕನೇ ಕ್ಲಾಸು. ಅಲ್ಲಿ ಕಡಲಿಲ್ಲ. ಕೆಲವು ಮಕ್ಕಳು ಮಚಲಿಪಟ್ನಂ ಬೀಚಿಗೆ ಹೋಗಿಬಂದಿದ್ದರು ನಿಜ, ಆದರೆ ಅವರ ನೆನಪಿನಲ್ಲಿ ಉಳಿದಿದ್ದು ಸುಟ್ಟ ಜೋಳ ಮಾತ್ರ. ಹಾಗಾಗಿ ರಜೆಗೆ ವಿಶಾಖಪಟ್ಟಣಕ್ಕೆ ಹೋದಾಗ ಮುಚ್ಚಳವಿದ್ದ ಬಕೆಟ್ಟಿನಲ್ಲಿ ಐದು ಪುಟ್ಟ ಏಡಿಗಳನ್ನೂ ಎರಡು ಕ್ಯಾನು ಕಡಲ ನೀರನ್ನೂ ತಂದೆ. ಖಾಲಿ ಶಂಖದೊಳಗೆ ಸೇರಿಕೊಂಡು, ಬೆಳೆದಂತೆ ಶಂಖ ಬದಲಿಸುವ ಜಾತಿಯ ಏಡಿಗಳು ಅವು.

"ಮನೆ ಸಣ್ಣದಾತು ಅಂತ ಸಾಮಾನು ಸಾಗಿಸ್ತಾವಾ?" ನನ್ನವರು ಬಕೆಟ್ಟಿಗೆ ಒದ್ದೆ ಗೋಣಿ ಸುತ್ತುತ್ತಾ ಕೇಳಿದರು. ಐದಾರು ಟ್ರಾನ್ಸ್‌ಫರ್ ಕಂಡ ಕೈ, ಕಟ್ಟಿದ ಗಂಟು ನಾನು ಬಿಚ್ಚಲಾರೆ. "ಹಂಗಾದ್ರೆ ಇವೂ ಬ್ಯಾಂಕಿನೋರೇ ಕಣೆ."

"ಸತ್ತರೆ ಏನ್ರೀ ಮಾಡೋದು?"

"ಟ್ರೇನ್ ಹತ್ತೋಕೆ ಮುಂಚೆನೇ ಸಾಯಿಸ್ಬೇಡ, ಮಾರಾಯ್ತಿ."

ಕ್ಲಾಸಿನಲ್ಲಿ ಗಾಜಿನ ತೊಟ್ಟಿಯಿಟ್ಟು ಏಡಿಗಳನ್ನು ಬಿಟ್ಟ ಮೊದಲ ದಿನವೇ ಬಾಯಿ ಜಾರಿ ಮಾತು ಕೊಟ್ಟುಬಿಟ್ಟೆ: ಇವು ಒಂದು ತಿಂಗಳ ಅತಿಥಿಗಳು, ಐದನ್ನೂ ಜೀವಂತವಾಗಿ ಎತ್ತಿದ ಜಾಗಕ್ಕೇ ಬಿಟ್ಟುಬರುತ್ತೇನೆ. ಮಕ್ಕಳು ಬೆರಳು ಮಡಿಚಿ ಐದು ಎಣಿಸಿಕೊಂಡರು. ಅವತ್ತಿನಿಂದ ಶಾಲೆಯ ದಾರಿಯ ಬೆಂಜ್ ಸರ್ಕಲ್ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗಲೆಲ್ಲ, ತೊಟ್ಟಿಗೆ ಗಾಳಿ ಊದುವ ಪಂಪು ನಿಂತಿರಬಹುದು ಎಂದು ನನ್ನ ಉಸಿರು ನಿಲ್ಲುತ್ತಿತ್ತು.

ಪಾಠ ಮಾತ್ರ ಚೆನ್ನಾಗಿ ನಡೆಯಿತು. ಬೇರೆಬೇರೆ ಅಳತೆಯ ಖಾಲಿ ಶಂಖಗಳನ್ನು ಇಟ್ಟು ಏಡಿ ಯಾವುದಕ್ಕೆ ಹೊಕ್ಕೀತು ಎಂದು ಮಕ್ಕಳು ಪೆನ್ಸಿಲ್ ಪಣಕ್ಕಿಟ್ಟರು. ಸ್ಟೀಲ್ ತಟ್ಟೆಯಲ್ಲಿ ಕಡಲ ನೀರು ಹಾಕಿ ಕಿಟಕಿಯಲ್ಲಿ ಒಣಗಿಸಿ ಉಪ್ಪು ನೆಕ್ಕಿದರು. ಸ್ಟ್ರಾ ತುದಿಗೆ ಕ್ಲೇ ಮೆತ್ತಿ ತೇಲುಕಡ್ಡಿ ಮಾಡಿದರು. ಅದು ಸಿಹಿನೀರಿನಲ್ಲಿ ಸ್ವಲ್ಪ ಹೆಚ್ಚು ಮುಳುಗುತ್ತದೆ, ಉಪ್ಪುನೀರಿನಲ್ಲಿ ಮೇಲೇಳುತ್ತದೆ. ಎರಡು ನೀರಿಗೂ ಒಂದೊಂದು ಗುರುತು ಹಾಕಿ, ದಿನಾ ತೊಟ್ಟಿಯಲ್ಲಿಟ್ಟು ನೋಡಿ ಬರೆಯುವ ಕೆಲಸ ಸರದಿಯ ಮೇಲೆ ಒಬ್ಬೊಬ್ಬರಿಗೆ.

ಮೂರನೇ ವಾರ ಏಡಿಗಳು ಮಂಕಾದವು. ಹಾಕಿದ ಸಿಗಡಿ ಚೂರು ಹಾಗೇ ಉಳಿಯಿತು. ಒಂದು ಏಡಿ ಶಂಖದಿಂದ ಅರ್ಧ ಹೊರಬಂದು ಸುಮ್ಮನೆ ಬಿದ್ದುಕೊಂಡಿತು. ಸಾಯುವ ಮುಂಚೆ ಹೀಗೆ ಮಾಡುತ್ತವೆ ಎಂದು ಎಲ್ಲೋ ಓದಿದ್ದೆ. ಸಿಗಡಿ ಹಳಸಿತ್ತೇ, ಪಂಪಿನ ಸದ್ದು ಜಾಸ್ತಿಯಾಯಿತೇ, ನನ್ನ ಕಣ್ಣೇ ತಾಗಿತೇ? ಎಲ್ಲದರ ಮೇಲೂ ಅನುಮಾನ ಬಂತು, ನನ್ನ ಒಂದು ಕೆಲಸವನ್ನು ಬಿಟ್ಟು. ಬಿಸಿಲಿಗೆ ತೊಟ್ಟಿಯ ನೀರು ದಿನವೂ ಇಳಿಯುತ್ತಿತ್ತು, ನಾನು ದಿನವೂ ಕ್ಯಾನಿನ ಕಡಲ ನೀರನ್ನು ತಂದು ಗೆರೆ ಮುಟ್ಟುವಂತೆ ತುಂಬುತ್ತಿದ್ದೆ. ಕಡಲಿನ ಜೀವಕ್ಕೆ ಕಡಲಿನದೇ ನೀರು, ಇನ್ನೇನು ಬೇಕು?

ಆ ವಾರ ಕಡ್ಡಿಯ ಸರದಿ ಎರಡನೇ ಬೆಂಚಿನ ಹುಡುಗಿಯದು. ಮಾತು ಕಡಿಮೆ, ಅಕ್ಷರ ದುಂಡು. "ಕಡ್ಡಿ ಗುರುತಿಗಿಂತ ಮೇಲೆ ಬಂದಿದೆ ಮೇಡಂ" ಎಂದಳು. ನೋಡಿದರೆ ಒಂದು ಅಕ್ಕಿಕಾಳಿನ ದಪ್ಪದಷ್ಟು.

"ಕ್ಲೇ ಉದುರಿರತ್ತೆ, ಬಿಡಮ್ಮ."

ಬಿಡಲಿಲ್ಲ. ಕಡ್ಡಿಯನ್ನು ನಲ್ಲಿ ನೀರಿನ ಮಗ್ಗಿಗೆ ಇಳಿಬಿಟ್ಟಳು. ಹಳೆಯ ಗುರುತಿಗೇ ಸರಿಯಾಗಿ ನಿಂತಿತು. ಕಡ್ಡಿ ಕೆಟ್ಟಿರಲಿಲ್ಲ. ಆಮೇಲೆ ಕಿಟಕಿಯ ತಟ್ಟೆಯನ್ನೂ ತೊಟ್ಟಿಯನ್ನೂ ಒಂದೆರಡು ಸಲ ನೋಡಿ ಕೇಳಿದಳು: "ನೀಳ್ಳು ಪೋತಾಯಿ. ಉಪ್ಪು ಎಕ್ಕಡಿಕಿ ಪೋತುಂದಿ ಮೇಡಂ?"

ನೀರು ಹೋಗುತ್ತದೆ, ಉಪ್ಪು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ. ತಟ್ಟೆಯಲ್ಲಿ ಉಳಿದಂತೆ ತೊಟ್ಟಿಯಲ್ಲೂ ಉಳಿಯುತ್ತದೆ. ಅದರ ಮೇಲೆ ನಾನು ದಿನವೂ ಇನ್ನಷ್ಟು ಉಪ್ಪುನೀರು ಸುರಿದಿದ್ದೆ. ತುಂಬಬೇಕಾಗಿದ್ದು ಬರೀ ಸಿಹಿನೀರು. ಇದನ್ನು ಎಷ್ಟೋ ವರ್ಷಗಳಿಂದ ಪಾಠ ಮಾಡುತ್ತಿರುವವಳು ನಾನು. ಕಂಡಿದ್ದು ಒಂಬತ್ತು ವರ್ಷದ ಹುಡುಗಿಗೆ. ಕಿವಿ ಬಿಸಿಯಾಯಿತು. ಆದರೆ ಮರುಕ್ಷಣವೇ, ಪಕ್ಕದ ಕ್ಲಾಸುಗಳ ಟೀಚರುಗಳನ್ನೆಲ್ಲ ಕೂಗಿ ಕರೆದು ಇವಳನ್ನು ತೋರಿಸಬೇಕು ಅನ್ನಿಸಿತು.

ಬೋರ್ಡಿನ ಮೇಲೆ ತೆಲುಗಿನಲ್ಲಿ ಬರೆದೆ: ಉಪ್ಪು ಹಾರಿಹೋಗುವುದಿಲ್ಲ. ಉಪ್ಪುನೀರು ತುಂಬಿದ್ದು ಟೀಚರ ತಪ್ಪು. ಮಕ್ಕಳು ಇಡೀ ವರ್ಷದಲ್ಲಿ ಯಾವ ವಾಕ್ಯವನ್ನೂ ಅಷ್ಟು ಶ್ರದ್ಧೆಯಿಂದ ನಕಲು ಮಾಡಿರಲಿಲ್ಲ. ಕೆಲವರು ಕೆಂಪು ಪೆನ್ನಿನಲ್ಲಿ ಅಡಿಗೆರೆಯನ್ನೂ ಎಳೆದರು. ಆ ವಾರವೇ ನೋಟ್‌ಬುಕ್ ತಪಾಸಣೆ.

"ಏಮಂಡಿ ಇದು, ಎಲ್ಲರ ಪುಸ್ತಕದಲ್ಲೂ ನಿಮ್ಮ ತಪ್ಪೇ ಇದೆ?" ಹೆಡ್‌ಮಿಸ್ ಕನ್ನಡಕದ ಮೇಲಿಂದ ನೋಡಿದರು.

"ಅದೇ ಈ ವಾರದ ಪಾಠ ಮೇಡಂ" ಎಂದೆ. ನನ್ನ ದನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ.

ಏಡಿಗಳಿಗೆ ಮದ್ದು ಇಷ್ಟೇ: ತೊಟ್ಟಿಯಿಂದ ಒಂದು ಲೋಟ ನೀರು ತೆಗೆದು, ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟ ನಲ್ಲಿ ನೀರು ಒಂದು ಲೋಟ ಹಾಕುವುದು. ಒಂದೇ ಸಲಕ್ಕೆ ಬದಲಿಸಿದರೆ ಏಡಿಗಳಿಗೆ ತಡೆಯದು. ಮೂರು ದಿನ ಹೀಗೆ. ಲೋಟ ಎರಡನೇ ಬೆಂಚಿನ ಹುಡುಗಿಯ ಕೈಯಲ್ಲಿ, ಚಿಂತೆ ನನ್ನಲ್ಲಿ. ನಾಲ್ಕನೇ ದಿನ ಬೆಳಗ್ಗೆ, ಅರ್ಧ ಹೊರಬಂದಿದ್ದ ಏಡಿ ಶಂಖದೊಳಗೆ ಸೇರಿಕೊಂಡು ಸಿಗಡಿ ಚೂರನ್ನು ಎಳೆದಾಡುತ್ತಿತ್ತು. ಕ್ಲಾಸು ಕಿರುಚಿದ್ದು ಆಫೀಸ್ ರೂಮಿನವರೆಗೂ ಕೇಳಿಸಿತಂತೆ.

ತಿಂಗಳು ತುಂಬಿದ ಶನಿವಾರ ವಿಶಾಖಪಟ್ಟಣದ ಅದೇ ಬಂಡೆಗಳ ಮೇಲೆ ಕುಳಿತೆ. ಮಚಲಿಪಟ್ನಂ ಹತ್ರ ಇತ್ತಲ್ಲೇ ಎಂದು ಗೊಣಗುತ್ತಲೇ ಬಂದಿದ್ದ ನನ್ನವರು ಫೋನ್ ಹಿಡಿದಿದ್ದರು. ಆ ಕಡೆ ಹೆಡ್‌ಮಿಸ್ ಫೋನಿನ ಮುಂದೆ ಇಡೀ ಕ್ಲಾಸು. ಒಂದೊಂದಾಗಿ ಇಳಿಬಿಟ್ಟೆ. "ಒಕಟಿ, ರೆಂಡು, ಮೂಡು, ನಾಲುಗು..." ಫೋನಿನಲ್ಲಿ ಎಣಿಕೆ. ಐದನೆಯದು ಶಂಖದೊಳಗೇ ಮುದುಡಿ ಕುಳಿತಿತು. ಎಣಿಕೆ ನಿಂತಿತು. ಕೊನೆಗೆ ಒಂದು ಕಾಲು ಹೊರಬಂತು, ಇನ್ನೊಂದು ಬಂತು. ನೇರವಾಗಿ ನೀರಿಲ್ಲದ ಕಡೆಗೆ ಹೊರಟಿತು. ತಿರುಗಿಸೋಣವೆಂದು ಕೈ ಚಾಚಿದೆ.

"ಮೇಡಂ, ಮುಟ್ಟಬೇಡಿ" ಎಂದಿತು ಎರಡನೇ ಬೆಂಚಿನ ದನಿ. "ಅದಕ್ಕೆ ಗೊತ್ತು."

ಕೈ ಹಿಂದಕ್ಕೆ ತೆಗೆದುಕೊಂಡೆ. ಏಡಿ ಒಂದು ಪಾಚಿಕಲ್ಲನ್ನು ಬಳಸಿ, ತನ್ನದೇ ದಾರಿಯಲ್ಲಿ ನೀರಿಗೆ ಇಳಿಯಿತು.